ನಿಂತ ಚಿತ್ರ, ಕೂತ ಜನ

ಜಿಲ್ಲಾ ಪಂಚಾಯಿತಿಯ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಯಲ್ಲಿ ಕೂತು ಬಂದವರಿಗೆ ಈ ದೃಶ್ಯ ಹೊಸದಲ್ಲ. ಕೃಷಿ ಇಲಾಖೆಯವರು ಪೆನ್‌ಡ್ರೈವ್ ಸಿಕ್ಕಿಸಿ ಬಿತ್ತನೆಯ ಲೆಕ್ಕ ತೋರಿಸುತ್ತಾರೆ, ಆರೋಗ್ಯ ಇಲಾಖೆಯವರು ಲಸಿಕೆಯ ಲೆಕ್ಕ. ಉಸ್ತುವಾರಿ ಸಚಿವರು ಕೈ ಎತ್ತಿ, "ರೀ, ಹಿಂದಿನದ್ದಕ್ಕೆ ಹೋಗ್ರಿ, ಆ ತಾಲ್ಲೂಕಲ್ಲಿ ಯಾಕೆ ಅಷ್ಟು ಕಮ್ಮಿ?" ಎನ್ನುತ್ತಾರೆ. ಚಿತ್ರ ಹಿಂದಕ್ಕೆ ಹೋಗುತ್ತದೆ, ಅಧಿಕಾರಿ ಹಣೆ ಒರೆಸಿಕೊಂಡು ಉತ್ತರ ಹುಡುಕುತ್ತಾರೆ. ವೈದ್ಯರ ಸಮ್ಮೇಳನ, ಬ್ಯಾಂಕಿನ ತರಬೇತಿ, ಸಾಫ್ಟ್‌ವೇರ್ ಕಂಪನಿಯ ಸೋಮವಾರದ ಮೀಟಿಂಗು, ಪಿಎಚ್‌ಡಿ ವೈವಾ, ಎಲ್ಲ ಕಡೆಯೂ ಏರ್ಪಾಡು ಒಂದೇ. ಪರದೆಯ ಮೇಲೆ ನಿಂತ ಚಿತ್ರ, ಪಕ್ಕದಲ್ಲಿ ಮಾತಾಡುವ ಮನುಷ್ಯ, ಎದುರಿಗೆ ಯಾವಾಗ ಬೇಕಾದರೂ ತಡೆದು ಕೇಳಬಹುದಾದ ಜನ.

ಇದೇ ಮಂದಿಯ ಮುಂದೆ ಹಳ್ಳಿಯ ಮಾತು ಎತ್ತಿ ನೋಡಬೇಕು. ರೈತರಿಗೆ ಮಣ್ಣು ಪರೀಕ್ಷೆಯ ಬಗ್ಗೆ, ಬಾಣಂತಿಯರಿಗೆ ಮಗುವಿನ ಆರೈಕೆಯ ಬಗ್ಗೆ ಸಂಜೆ ಹೊತ್ತು ಊರಿನ ಕಟ್ಟೆಯ ಮುಂದೆ ನಾಲ್ಕು ಚಿತ್ರ ತೋರಿಸಿ ಮಾತಾಡೋಣ ಎಂದರೆ ನಗು ಬರುತ್ತದೆ. ಸ್ಲೈಡ್ ಶೋನಾ? ಅದೆಲ್ಲ ಮ್ಯಾಜಿಕ್ ಲ್ಯಾಂಟರ್ನ್ ಕಾಲದ್ದು ಸಾರ್. ಸಿನಿಮಾ ಬರುವ ಮುಂಚೆ ಗತಿಯಿಲ್ಲದೆ ತೋರಿಸುತ್ತಿದ್ದರು. ಈಗ ಹಳ್ಳಿಯವರಿಗೂ ಅದು ಬೇಡ, ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಎರಡು ನಿಮಿಷದ ರೀಲ್ ಮಾಡಿ ಬಿಟ್ಟರೆ ಮುಗಿಯಿತು. ಈ ಮಾತಿನ ಹಿಂದೆ ಇನ್ನೊಂದು ನಂಬಿಕೆ ಬಾಯಿಬಿಡದೆ ಕೂತಿರುತ್ತದೆ. ಹಳ್ಳಿಯವರಿಗೆ ನಿಂತ ಚಿತ್ರ ಅರ್ಥವಾಗುವುದಿಲ್ಲ, ಕುಣಿತ-ಕುಪ್ಪಳಿಕೆ ಇದ್ದರೆ ಮಾತ್ರ ತಲೆಗೆ ಹೋಗುತ್ತದೆ ಎಂಬ ನಂಬಿಕೆ ಅದು.

ಅಂದರೆ ಐಎಎಸ್ ಅಧಿಕಾರಿಗೆ ನಿಂತ ಚಿತ್ರ ಸಾಕು, ಅಡಿಕೆ ಬೆಳೆಗಾರನಿಗೆ ಸಾಲದು. ಪವರ್‌ಪಾಯಿಂಟ್ 1987ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಬಂತು. ಕೊಡಾಕ್ ಕಂಪನಿ ಸ್ಲೈಡ್ ಪ್ರೊಜೆಕ್ಟರ್ ತಯಾರಿಸುವುದನ್ನು 2004ರಲ್ಲಿ ನಿಲ್ಲಿಸಿತು. ಯಂತ್ರ ಬದಲಾಯಿತು, ಪದ್ಧತಿ ಬದಲಾಗಲಿಲ್ಲ. ಅದು ಹಳ್ಳಿಯಿಂದ ಎದ್ದು ಹವಾನಿಯಂತ್ರಿತ ಕೋಣೆಗೆ ಹೋಗಿ ಕೂತಿತು, ಅಷ್ಟೆ. ಹಾಗೆ ಹೋದ ಮೇಲೆ ಹಳ್ಳಿಗೆ ಅದರ ಅಗತ್ಯವಿಲ್ಲ ಎಂಬ ತೀರ್ಪೂ ಆ ಕೋಣೆಯಿಂದಲೇ ಹೊರಬಿತ್ತು.

ಚಿತ್ರ ತೋರಿಸಿ ಊರಿಗೆ ಮಾತು ಹೇಳುವುದು ಮಿಷನರಿಗಳೋ ಬ್ರಿಟಿಷರೋ ತಂದ ವಿದ್ಯೆ ಎಂದು ಭಾವಿಸಿದವರು ಬಾಣಭಟ್ಟನ ಹರ್ಷಚರಿತವನ್ನು ತೆರೆದು ನೋಡಲಿ. ತಂದೆಗೆ ಕಾಯಿಲೆ ಎಂಬ ಸುದ್ದಿ ಕೇಳಿ ಹರ್ಷ ರಾಜಧಾನಿಗೆ ಮರಳುತ್ತಾನೆ. ಅಂಗಡಿ ಬೀದಿಯಲ್ಲಿ ಯಮಪಟದವನೊಬ್ಬ ಅವನ ಕಣ್ಣಿಗೆ ಬೀಳುತ್ತಾನೆ. ಕೋಲಿಗೆ ಕಟ್ಟಿದ ಬಟ್ಟೆಯ ಮೇಲೆ ಕೋಣವೇರಿದ ಯಮ, ಸುತ್ತ ಕುತೂಹಲದ ಮಕ್ಕಳು, ಒಂದು ಕೈಯಲ್ಲಿ ಪಟ, ಇನ್ನೊಂದು ಕೈಯಲ್ಲಿ ಹುಲ್ಲಿನ ದಂಟು. ಆ ದಂಟಿನಿಂದ ಚಿತ್ರದ ಒಂದೊಂದು ಭಾಗ ಮುಟ್ಟಿ ತೋರಿಸುತ್ತ ಅವನು ಪರಲೋಕದ ವೃತ್ತಾಂತ ಹೇಳುತ್ತಿದ್ದಾನೆ. ಏಳನೆಯ ಶತಮಾನದ ಸ್ಲೈಡ್ ಉಪನ್ಯಾಸ ಎಂದರೆ ಇದೇ. ವಿಶಾಖದತ್ತನ ಮುದ್ರಾರಾಕ್ಷಸದ ಮೊದಲ ಅಂಕದಲ್ಲಿ ಇನ್ನೂ ಸ್ವಾರಸ್ಯದ ಯಮಪಟದವನಿದ್ದಾನೆ. ಅವನು ಚಾಣಕ್ಯನ ಗೂಢಚಾರ ನಿಪುಣಕ. ವರ್ತಕ ಚಂದನದಾಸನ ಮನೆಯಲ್ಲಿ ಪಟ ಬಿಚ್ಚಿ ಹಾಡುವಾಗ ಐದು ವರ್ಷದ ಹುಡುಗನೊಬ್ಬ ಹೊರಗೆ ಓಡಿಬರುತ್ತಾನೆ, ಅವನನ್ನು ಒಳಗೆಳೆಯಲು ಬಾಗಿದ ಹೆಂಗಸಿನ ಬೆರಳಿನಿಂದ ಉಂಗುರ ಜಾರಿ ನಿಪುಣಕನ ಕಾಲ ಬಳಿ ಬೀಳುತ್ತದೆ. ಅದು ಚಾಣಕ್ಯನ ಎದುರಾಳಿ ಅಮಾತ್ಯ ರಾಕ್ಷಸನ ಮುದ್ರೆಯುಂಗುರ. ಇಡೀ ನಾಟಕದ ಕಥೆ ತಿರುಗುವುದೇ ಅದರ ಮೇಲೆ. ಚಿತ್ರ ತೋರಿಸಲು ಹೋದವನು ಹೇಳಿದ್ದಕ್ಕಿಂತ ತಿಳಿದುಕೊಂಡು ಬಂದದ್ದೇ ಹೆಚ್ಚು. ನಮ್ಮ ಪ್ರಚಾರ ಅಧಿಕಾರಿಗಳು ಕಲಿಯಬೇಕಾದ ಕಸುಬು ಅದು, ಉಂಗುರ ಹೊಡೆಯುವುದನ್ನು ಬಿಟ್ಟು.

ಬಂಗಾಳದ ಪಟುವಾಗಳು, ರಾಜಸ್ಥಾನದ ಫಡ್ ಹಾಡುವವರು, ಮಹಾರಾಷ್ಟ್ರದ ಪಿಂಗುಳಿಯ ಚಿತ್ರಕಥಿಗಳು, ತೊಗಲುಗೊಂಬೆ ಆಡಿಸುವ ನಮ್ಮ ಕಿಳ್ಳೇಕ್ಯಾತರು ಈ ಕಸುಬನ್ನು ತಲೆತಲಾಂತರದಿಂದ ಹೊತ್ತು ತಂದವರು. ಬಳ್ಳಾರಿಯ ಬೆಳಗಲ್ಲು ವೀರಣ್ಣ ಅದೇ ತೊಗಲುಗೊಂಬೆಗಳಲ್ಲಿ ಸ್ವಾತಂತ್ರ್ಯ ಹೋರಾಟವನ್ನೂ ಗಾಂಧೀಜಿಯ ಕಥೆಯನ್ನೂ ಪರದೆಗೆ ತಂದರು. 1890ರ ದಶಕದಲ್ಲಿ ಮುಂಬೈ ಬಳಿಯ ಕಲ್ಯಾಣದ ಮಹಾದೇವ ಗೋಪಾಳ ಪಟವರ್ಧನ್ ಮತ್ತು ಅವರ ಮಕ್ಕಳ ಕೈಗೆ ಮ್ಯಾಜಿಕ್ ಲ್ಯಾಂಟರ್ನ್ ಸಿಕ್ಕಾಗ ಅವರು ಅದನ್ನು ಪರದೇಶಿ ವಸ್ತುವಾಗಿ ಉಳಿಸಲಿಲ್ಲ. ಗಾಜಿನ ಮೇಲೆ ಕೈಯಾರೆ ರಾಮಾಯಣ ಮಹಾಭಾರತ ಬರೆದು, ಸರ್ಕಸ್ಸಿನ ಆಟಗಳನ್ನೂ ಬರೆದು, ಶಾಂಬರಿಕ್ ಖರೋಲಿಕಾ ಎಂಬ ಹೆಸರಿಟ್ಟು, ಹಿನ್ನೆಲೆಯಲ್ಲಿ ಮಾತು-ಹಾಡು ಸೇರಿಸಿ ಊರೂರು ತಿರುಗಿದರು. ಫಾಲ್ಕೆಯವರ ರಾಜಾ ಹರಿಶ್ಚಂದ್ರ ತೆರೆಗೆ ಬಂದದ್ದು 1913ರಲ್ಲಿ. ಅದಕ್ಕೆ ಮೊದಲೇ ಪುರಾಣದ ಪಾತ್ರಗಳನ್ನು ಬೆಳಕಿನಲ್ಲಿ ನೋಡಿದ ಪ್ರೇಕ್ಷಕರು ಈ ದೇಶದಲ್ಲಿ ತಯಾರಾಗಿದ್ದರು.

ಮ್ಯಾಜಿಕ್ ಲ್ಯಾಂಟರ್ನ್ ಯಂತ್ರದಲ್ಲಿ ಅಂಥ ರಹಸ್ಯವೇನೂ ಇರಲಿಲ್ಲ. ಒಂದು ತಗಡಿನ ಡಬ್ಬ, ಒಳಗೆ ಸೀಮೆಎಣ್ಣೆಯ ಅಥವಾ ಕಾರ್ಬೈಡಿನ ದೀಪ, ಮುಂದೆ ಮಸೂರ, ನಡುವೆ ಅಂಗೈಯಗಲದ ಗಾಜು. ಗಾಜನ್ನು ತಲೆಕೆಳಗಾಗಿ ಇಟ್ಟರೆ ಚಿತ್ರ ನೆಟ್ಟಗೆ ಬೀಳುತ್ತದೆ. ಪರದೆಗೆ ಬಿಳಿ ಪಂಚೆ ಸಾಕು. ಜನ ಜಾಸ್ತಿ ಸೇರುವ ಕಡೆ ಆ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಕಟ್ಟುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಬೆಳಕು ತೂರಿ ಆಚೆ ಬದಿಗೂ ಚಿತ್ರ ಕಾಣುತ್ತಿತ್ತು. ಮುಂದೆ ಜಾಗ ಸಿಗದವರು ಹಿಂದೆ ಹೋಗಿ ಕೂರಬಹುದಿತ್ತು. ಗಾಳಿಗೆ ಬಟ್ಟೆ ಒಣಗುತ್ತ ಬಂದಂತೆ ಒಬ್ಬ ಹುಡುಗ ಎದ್ದು ಚೊಂಬಿನಿಂದ ನೀರು ಎರಚಬೇಕಿತ್ತು. ಆಮೇಲೆ ಬಂದ 35 ಎಂಎಂ ಸ್ಲೈಡುಗಳಿಗೆ ಬೇರೆ ಕಾಟ. ಮಲೆನಾಡಿನ ಮಳೆಗಾಲದಲ್ಲಿ ಎರಡು ತಿಂಗಳು ಪೆಟ್ಟಿಗೆಯಲ್ಲಿಟ್ಟರೆ ಬೂಷ್ಟು ಹಿಡಿದು ಕಾಡಿನ ಚಿತ್ರದೊಳಗೆ ಇನ್ನೊಂದು ಕಾಡು ಬೆಳೆಯುತ್ತಿತ್ತು.

ಈಗ ಸೊಳ್ಳೆಯ ಕಥೆಗೆ ಬರೋಣ. ಗ್ರಾಮೀಣ ಅಭಿವೃದ್ಧಿಯ ತರಬೇತಿಗಳಲ್ಲಿ ಇದನ್ನು ಕೇಳದವರು ಕಡಿಮೆ. ಹಳ್ಳಿಯಲ್ಲಿ ಮಲೇರಿಯಾದ ಬಗ್ಗೆ ಪರದೆ ತುಂಬುವಷ್ಟು ದೊಡ್ಡ ಸೊಳ್ಳೆಯ ಚಿತ್ರ ತೋರಿಸಿದರಂತೆ, ಜನ "ಸದ್ಯ, ನಮ್ಮೂರಿನ ಸೊಳ್ಳೆ ಇಷ್ಟು ದೊಡ್ಡದಿಲ್ಲ" ಎಂದು ನೆಮ್ಮದಿಯಿಂದ ಎದ್ದು ಹೋದರಂತೆ. ಈ ಕಥೆ ಆಫ್ರಿಕಾದಲ್ಲಿ ನಡೆದದ್ದೆಂದು ಕೆಲವರು, ಬಿಹಾರದಲ್ಲಿ ಎಂದು ಕೆಲವರು. ಎಲ್ಲಿ ಹೇಳಿದರೂ ಕೇಳಿದವರು ನಗುತ್ತಾರೆ, ಹಳ್ಳಿಯವರ ಚಿತ್ರಜ್ಞಾನ ಇಷ್ಟೇ ಎಂದು ಬರೆದುಕೊಳ್ಳುತ್ತಾರೆ. ತೊಗಲುಗೊಂಬೆಯಾಟದಲ್ಲಿ ರಾಜರ ಗೊಂಬೆ ಸೇವಕರ ಗೊಂಬೆಗಿಂತ ದೊಡ್ಡದಿರುವುದನ್ನು ನೋಡಿ ಬೆಳೆದವರಿಗೆ ಚಿತ್ರದಲ್ಲಿ ಗಾತ್ರವೆಂದರೆ ಅಳತೆಯಲ್ಲ, ಮಹತ್ವ ಎಂಬುದು ಗೊತ್ತಿರುವುದಿಲ್ಲವೇ? ಒಂದು ವೇಳೆ ಯಾರೋ ಆ ಮಾತು ಆಡಿದ್ದೇ ಆದರೂ ಅದು ಹಳ್ಳಿಯ ಕೊಂಕು ಆಗಿರುವ ಸಾಧ್ಯತೆಯೇ ಹೆಚ್ಚು. ಬಂದ ಸಾಹೇಬನ ಮುಖ ನೋಡಿ ಗಂಭೀರವಾಗಿ ಇಂಥ ಮಾತು ಬಿಡುವ ಮುದುಕರು ಪ್ರತಿ ಊರಿನ ಅರಳಿಕಟ್ಟೆಯಲ್ಲೂ ಸಿಗುತ್ತಾರೆ.

ಇದಕ್ಕಿಂತ ಗಟ್ಟಿ ಆಧಾರವಿರುವ ಕಥೆ ಕೋಳಿಯದು. ಲಂಡನ್ ವಿಶ್ವವಿದ್ಯಾಲಯದ ಜಾನ್ ವಿಲ್ಸನ್ 1961ರಲ್ಲಿ ಅದನ್ನು ದಾಖಲಿಸಿದರು, ಮರುವರ್ಷ ಮಾಧ್ಯಮ ಚಿಂತಕ ಮಾರ್ಷಲ್ ಮ್ಯಾಕ್ಲೂಹನ್ ತಮ್ಮ ಗುಟನ್‌ಬರ್ಗ್ ಗ್ಯಾಲಕ್ಸಿ ಪುಸ್ತಕದಲ್ಲಿ ಸೇರಿಸಿ ಅದನ್ನು ಜಗತ್ತಿಗೆಲ್ಲ ಹಂಚಿದರು. ಆಫ್ರಿಕಾದ ಹಳ್ಳಿಯೊಂದರಲ್ಲಿ ನೈರ್ಮಲ್ಯ ನಿರೀಕ್ಷಕನೊಬ್ಬ ಮನೆಯ ಸುತ್ತಲಿನ ನಿಂತ ನೀರು ತೆಗೆಸುವ, ಖಾಲಿ ಡಬ್ಬ ಎತ್ತಿಸುವ ಪುಟ್ಟ ಚಲನಚಿತ್ರ ತೋರಿಸಿದ. ಏನು ನೋಡಿದಿರಿ ಎಂದು ಕೇಳಿದರೆ ಜನ ಕೋಳಿ ಎಂದರು. ಚಿತ್ರ ಮಾಡಿದವರಿಗೆ ತಮ್ಮ ಚಿತ್ರದಲ್ಲಿ ಕೋಳಿಯಿದೆ ಎಂಬುದೇ ಗೊತ್ತಿರಲಿಲ್ಲ. ಫ್ರೇಮ್ ಫ್ರೇಮ್ ಹುಡುಕಿದಾಗ ಮೂಲೆಯಲ್ಲಿ ಒಂದು ಸೆಕೆಂಡಿನಷ್ಟು ಹೊತ್ತು ಕೋಳಿಯೊಂದು ಹಾದುಹೋಗಿದ್ದು ಸಿಕ್ಕಿತು. ಇದರಿಂದ ಪಂಡಿತರು ತೆಗೆದ ತೀರ್ಮಾನವೇನು? ಅಕ್ಷರ ಬಾರದವರಿಗೆ ಚಿತ್ರವನ್ನು ಒಟ್ಟಾಗಿ ನೋಡಲು ಬರುವುದಿಲ್ಲ ಎಂದು. ಮಾಡಿದವರ ಕಣ್ಣಿಗೇ ಬೀಳದ್ದನ್ನು ಒಂದೇ ನೋಟಕ್ಕೆ ಹಿಡಿದವರಿಗೆ ನೋಡಲು ಬರುವುದಿಲ್ಲವಂತೆ! ಕುಣಿಯಲಾರದವಳು ನೆಲ ಡೊಂಕು ಎಂದ ಗಾದೆ ಇಂಥವರಿಗಾಗಿಯೇ ಹುಟ್ಟಿದ್ದು.

ಆ ಕೋಳಿಯ ಕಥೆಯಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಅದು ಓಡುವ ಚಿತ್ರ. ಕೋಳಿ ಬಂತು, ಹೋಯಿತು. ಜನ ಅದನ್ನು ಹಿಡಿದುಕೊಂಡರು, ಉಳಿದದ್ದು ಹರಿದುಹೋಯಿತು. ಅದೇ ಅಂಗಳದ ನಿಂತ ಚಿತ್ರ ಪರದೆಯ ಮೇಲೆ ಇದ್ದಿದ್ದರೆ, ಕೋಳಿ ಎಂದೊಡನೆ ಪಕ್ಕದಲ್ಲಿದ್ದವನು "ಹೌದು, ಕೋಳಿ ಏನು ಕುಕ್ಕುತ್ತಿದೆ ನೋಡಿ, ಆ ಡಬ್ಬದಲ್ಲಿ ಏನಿದೆ" ಎಂದು ಮಾತು ಮುಂದುವರಿಸಬಹುದಿತ್ತು. 1976ರಲ್ಲಿ ಯುನಿಸೆಫ್ ನೇಪಾಳದಲ್ಲಿ ನಡೆಸಿದ ಅಧ್ಯಯನವೂ ಹೇಳಿದ್ದು ಇದೇ ದಿಕ್ಕಿನ ಮಾತು. ಹಳ್ಳಿಗರು ಚಿತ್ರದಲ್ಲಿನ ಮನುಷ್ಯರನ್ನು, ವಸ್ತುಗಳನ್ನು ಗುರುತಿಸುತ್ತಿದ್ದರು. ಆದರೆ ಓದಿದವರು ರೂಢಿ ಮಾಡಿಕೊಂಡ ಸಂಕೇತಗಳ ಮೂಲಕ ದಾಟಿಸಬೇಕೆಂದಿದ್ದ ಸಂದೇಶ ಚಿತ್ರದಿಂದಷ್ಟೇ ದಾಟುತ್ತಿರಲಿಲ್ಲ, ವಿವರಿಸುವ ಮನುಷ್ಯ ಬೇಕಿತ್ತು. ಟ್ರಾಫಿಕ್ ಚಿಹ್ನೆ ಕಲಿಯದೆ ಲೈಸೆನ್ಸ್ ಪರೀಕ್ಷೆಗೆ ಕೂತ ಎಂ.ಎ. ಪದವೀಧರನ ಪಾಡೂ ಅಷ್ಟೇ.

ಹಾಗಂತ ಮ್ಯಾಜಿಕ್ ಲ್ಯಾಂಟರ್ನಿನ ಇತಿಹಾಸವೆಲ್ಲ ಹೂವಿನ ಹಾಸಿಗೆಯಲ್ಲ. ಬ್ರಿಟಿಷರ ಕಾಲೋನಿಯಲ್ ಆಫೀಸು 1902ರಲ್ಲಿ ದೃಶ್ಯ ಬೋಧನಾ ಸಮಿತಿಯೊಂದನ್ನು ಕಟ್ಟಿತು. ಭೂಗೋಳ ತಜ್ಞ ಹಾಲ್ಫರ್ಡ್ ಮ್ಯಾಕಿಂಡರ್ ಅದಕ್ಕಾಗಿ ಉಪನ್ಯಾಸಗಳನ್ನು ಬರೆದರು. ವಸಾಹತಿನ ಮಕ್ಕಳಿಗೆ ಇಂಗ್ಲೆಂಡಿನ ವೈಭವ, ಇಂಗ್ಲೆಂಡಿನ ಮಕ್ಕಳಿಗೆ ಭಾರತ. ಚಿತ್ರಕಾರ ಹ್ಯೂ ಫಿಷರ್‌ನನ್ನು ಸಾಮ್ರಾಜ್ಯದುದ್ದಕ್ಕೂ ಸುತ್ತಿಸಿ ಚಿತ್ರ ತರಿಸಿದರು. ಭಾರತದ ಕುರಿತ ಎಂಟು ಉಪನ್ಯಾಸಗಳು 1910ರಲ್ಲಿ ಪುಸ್ತಕವಾಗಿ ಬಂದವು. ಅಲ್ಲಿ ಪ್ರತಿ ಚಿತ್ರಕ್ಕೂ ಓದಬೇಕಾದ ಮಾತು ಮೊದಲೇ ಅಚ್ಚಾಗಿತ್ತು. ಲಂಡನ್ನಿನಲ್ಲಿ ಬರೆದದ್ದನ್ನು ಮೇಷ್ಟರು ಓದಬೇಕು, ಮಕ್ಕಳು ಕೇಳಬೇಕು.

ಇನ್ನು ಆಗಿನ ಪಂಜಾಬಿನ ಗುರುಗಾಂವ್. ಎಫ್. ಎಲ್. ಬ್ರೇನ್ ಎಂಬ ಐಸಿಎಸ್ ಅಧಿಕಾರಿ 1920ರಿಂದ 1927ರವರೆಗೆ ಅಲ್ಲಿ ಡೆಪ್ಯುಟಿ ಕಮಿಷನರ್. ಗೊಬ್ಬರದ ಗುಂಡಿ ತೋಡಿಸಿದರು, ಮನೆಗೆ ಕಿಟಕಿ ಇಡಿಸಿದರು, ಸುಧಾರಿತ ನೇಗಿಲು ಹಂಚಿದರು, ಪೋಸ್ಟರು ಹಾಡು ಮ್ಯಾಜಿಕ್ ಲ್ಯಾಂಟರ್ನುಗಳ ಪ್ರಚಾರವನ್ನೇ ಕಟ್ಟಿ ನಿಲ್ಲಿಸಿದರು. ಅವರ ಉತ್ಸಾಹ ಪ್ರಾಮಾಣಿಕ, ಅದರಲ್ಲಿ ಅನುಮಾನವಿಲ್ಲ. ಆದರೆ ಅವರ 'ಸಾಕ್ರಟೀಸ್ ಇನ್ ಆ್ಯನ್ ಇಂಡಿಯನ್ ವಿಲೇಜ್' ಪುಸ್ತಕವನ್ನು ತೆರೆದರೆ ಸಾಕ್ರಟೀಸನು ಪುಟಪುಟಕ್ಕೂ ಹಳ್ಳಿಗರ ಕೊಳೆಯನ್ನು, ಒಡವೆಯ ಮೋಹವನ್ನು ಎತ್ತಿ ಆಡುವುದೇ ಕಾಣುತ್ತದೆ. ಅವನು ಕೇಳುವ ಪ್ರಶ್ನೆಗಳಿಗೆ ಉತ್ತರ ಅವನಿಗೆ ಮೊದಲೇ ಗೊತ್ತು. ಬ್ರೇನ್ ವರ್ಗವಾಗಿ ಹೋದ ಮೇಲೆ ಗುರುಗಾಂವ್ ಪ್ರಯೋಗ ಬಹುಬೇಗ ಬಾಡಿತು. ಗ್ರಾಮೋದ್ಧಾರದ ಪಠ್ಯಗಳು ಅದನ್ನು ಸೋಲಿನ ಪಾಠವಾಗಿಯೇ ಹೇಳಿಕೊಂಡು ಬಂದಿವೆ.

ಸೋತದ್ದು ಯಾವುದು? ಚಿತ್ರವೇ? ಅಲ್ಲ. ಚಿತ್ರದ ಪಕ್ಕದಲ್ಲಿ ನಿಂತವರು ಕಿವಿ ಮುಚ್ಚಿಕೊಂಡಿದ್ದರು. ಈ ವ್ಯತ್ಯಾಸವನ್ನು ಹಿಡಿಯದೆ ನಮ್ಮ ಪ್ರಚಾರ ಇಲಾಖೆಗಳು ಚಿಕಿತ್ಸೆಯನ್ನು ತಿರುವುಮುರುವು ಮಾಡಿದವು. ಕೇಳಿಸಿಕೊಳ್ಳುವ ಮನುಷ್ಯನನ್ನು ಹುಡುಕುವ ಬದಲು ಮನುಷ್ಯನನ್ನೇ ತೆಗೆದುಹಾಕಿದವು, ಚಿತ್ರಕ್ಕೆ ಚಲನೆ ಕೊಟ್ಟವು.

ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ 1948ರಲ್ಲಿ ಬಂತು. ಪ್ರಚಾರ ವ್ಯಾನುಗಳು ಊರೂರು ಸುತ್ತಿದವು. ವ್ಯಾನ್ ಬಂದ ಸಂಜೆ ಊರಿಗೆ ಹಬ್ಬ, ಅದು ನಿಜ. ಮಕ್ಕಳು ಓಡಿ ಬರುತ್ತಿದ್ದರು, ಸುದ್ದಿಚಿತ್ರ ಓಡುತ್ತಿತ್ತು, ಕುಟುಂಬ ಯೋಜನೆಯ ಚಿತ್ರ ಓಡುತ್ತಿತ್ತು, ಜನರೇಟರಿನ ಸದ್ದಿನಲ್ಲಿ ಅರ್ಧ ಮಾತು ಮುಳುಗುತ್ತಿತ್ತು. ರೀಲು ಮುಗಿದೊಡನೆ ವ್ಯಾನಿನ ಬಾಗಿಲು ಮುಚ್ಚಿ ಮುಂದಿನ ಊರಿಗೆ. ಬಂದ ಪುಟ್ಟ ಹೋದ ಪುಟ್ಟ. ಗೊಬ್ಬರ ಯಾವಾಗ ಹಾಕಬೇಕು ಎಂದು ಪರದೆಯನ್ನು ಕೇಳಿದರೆ ಅದು ಉತ್ತರ ಕೊಡುವುದಿಲ್ಲ, ಡ್ರೈವರನಿಗೆ ಗೊತ್ತಿಲ್ಲ. ಇಂದಿನ ಎಲ್‌ಇಡಿ ವಾಹನ ಅದರ ಮೊಮ್ಮಗ. ಪರದೆ ಹೊಳಪಾಗಿದೆ, ಸದ್ದು ಜೋರಾಗಿದೆ, ಉಳಿದದ್ದೆಲ್ಲ ಅಜ್ಜನ ಹಾಗೇ.

1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಸೈಟ್ ಉಪಗ್ರಹ ಟಿ.ವಿ. ಪ್ರಯೋಗ ಇನ್ನೂ ದೊಡ್ಡ ಸಾಹಸ. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕರ್ನಾಟಕದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಆ ಪ್ರಯೋಗವನ್ನು ಹಗುರವಾಗಿ ಕಾಣುವಂತಿಲ್ಲ. ಆರೋಗ್ಯದಂಥ ವಿಷಯಗಳಲ್ಲಿ ಓದು ಬಾರದವರೇ ಹೆಚ್ಚು ತಿಳಿದುಕೊಂಡರು ಎಂದು ಅದರ ಮೌಲ್ಯಮಾಪನ ಹೇಳಿತು, ಹಳ್ಳಿಗರಿಗೆ ಚಿತ್ರ ತಿಳಿಯುವುದಿಲ್ಲ ಎಂಬ ವಾದಕ್ಕೆ ಅದೊಂದೇ ಉತ್ತರ ಸಾಕು. ಆದರೆ ನಮ್ಮ ಮೂರು ಜಿಲ್ಲೆಗಳಿಗೆ ಕನ್ನಡದ ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ. ಸಿಂಧನೂರಿನ ಕಾಲುವೆ ಕೆಳಗಿನ ಭತ್ತದ ಗದ್ದೆಗೂ ಇಂಡಿಯ ಒಣ ಹೊಲದ ಜೋಳಕ್ಕೂ ಒಂದೇ ಮಾತು. ಇದು ನಮ್ಮ ಹೊಲಕ್ಕೆ ಆಗಿಬರುವುದಿಲ್ಲ ಎಂದು ಯಾರಾದರೂ ಎದ್ದು ಹೇಳಿದರೆ ಕೇಳಿಸಿಕೊಳ್ಳಲು ಅಲ್ಲಿ ಯಾರಿದ್ದರು? ಒಪ್ಪಂದದ ವರ್ಷ ಮುಗಿಯಿತು, ಉಪಗ್ರಹ ವಾಪಸು ಹೋಯಿತು.

ಸ್ಲೈಡಿನ ಮೇಲೆ ದೊಡ್ಡ ದೂರು ಏನೆಂದರೆ ಅದು ಸಪ್ಪೆ, ಚಲನೆಯಿಲ್ಲದೆ ಮನರಂಜನೆಯಿಲ್ಲ. ಕನ್ನಡದ ಜನಕ್ಕೆ ಈ ಮಾತು ಹೇಳುವುದೇ ಒಂದು ತಮಾಷೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಪರದೆಯೂ ಇಲ್ಲ. ಭಾಗವತರು ಒಂದು ಪದ್ಯ ಹೇಳಿ ನಿಲ್ಲುತ್ತಾರೆ. ಆಮೇಲೆ ಅರ್ಧ ಗಂಟೆ ಅದೇ ಪದ್ಯದ ಸುತ್ತ ಅರ್ಥಧಾರಿಗಳ ಜಟಾಪಟಿ. ಗಮಕದಲ್ಲಿ ವಾಚನ ನಿಂತ ಕಡೆ ವ್ಯಾಖ್ಯಾನ ಶುರು. ಕರಾವಳಿ ಮಲೆನಾಡಿನ ಜನ ಇಡೀ ರಾತ್ರಿ ಕೂತು ಕೇಳಿದ್ದು ಇದನ್ನೇ. ನಿಲ್ಲಿಸಿದಾಗಲೇ ರಸ ಹುಟ್ಟುತ್ತದೆ ಎಂಬುದು ಇಲ್ಲಿ ಯಾರಿಗೂ ಹೇಳಿಕೊಡಬೇಕಾದ ಸಂಗತಿಯಲ್ಲ. ಹಳ್ಳಿಯವರಿಗೆ ಸತತ ಚಲನೆ ಬೇಕು ಎಂದವರು ಹಳ್ಳಿಯ ಮನರಂಜನೆಯನ್ನೇ ನೋಡಿಲ್ಲ.

ಈ ನಿಲುಗಡೆಯ ಬಲವನ್ನು ಶಿಕ್ಷಣ ತಜ್ಞರಲ್ಲಿ ಚೆನ್ನಾಗಿ ಅರಿತವನು ಬ್ರೆಜಿಲಿನ ಪಾವ್ಲೊ ಫ್ರೈರೆ. 1963ರಲ್ಲಿ ಅಲ್ಲಿನ ಈಶಾನ್ಯದ ಬರಪೀಡಿತ ಅಂಜಿಕೋಸ್ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳಲ್ಲಿ ಓದು ಬರಹ ಕಲಿಸುವ ಕೆಲಸ ನಡೆಯಿತು. ಅಕ್ಷರಕ್ಕೆ ಮುಂಚೆ ಚಿತ್ರ. ರೆಸಿಫೆಯ ಕಲಾವಿದ ಫ್ರಾನ್ಸಿಸ್ಕೊ ಬ್ರೆನಾಂಡ್ ಬರೆದ ಹತ್ತು ಸನ್ನಿವೇಶಗಳನ್ನು ಸ್ಲೈಡ್ ಮಾಡಿ ಗೋಡೆಯ ಮೇಲೆ ಬೀಳಿಸುತ್ತಿದ್ದರು. ಮೊದಲನೆಯದರಲ್ಲಿ ಗುದ್ದಲಿ ಹಿಡಿದ ರೈತ, ಬಾವಿ, ಮನೆ, ಮರ. ಸಂಯೋಜಕನ ಪ್ರಶ್ನೆ ಸರಳ. ಈ ಬಾವಿ ತೋಡಿದವರು ಯಾರು, ಯಾಕೆ ತೋಡಿದರು? ಮರವನ್ನೂ ಮನುಷ್ಯನೇ ಮಾಡಿದನೇ? ಅಲ್ಲಿಂದ ಮಾತು ಎಲ್ಲಿಗೆ ಹೋಗುತ್ತದೋ ಅಲ್ಲಿಯವರೆಗೆ ಚಿತ್ರ ಕದಲುವುದಿಲ್ಲ. ಫ್ರೈರೆ ಸಿನಿಮಾ ಯಂತ್ರ ತರಿಸಲಿಲ್ಲ. ಪೋಲೆಂಡಿನಲ್ಲಿ ತಯಾರಾದ, ಸುಮಾರು 13 ಡಾಲರ್ ಬೆಲೆಯ ಸಾದಾ ಪ್ರೊಜೆಕ್ಟರ್ ಸಾಕಾಯಿತು. 1964ರ ಏಪ್ರಿಲ್‌ನಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಫ್ರೈರೆ ಜೈಲಿಗೆ, ಅಲ್ಲಿಂದ ದೇಶದ ಹೊರಗೆ. ಬ್ರೆನಾಂಡ್‌ನ ಮೂಲ ಚಿತ್ರಗಳೂ ಕಿತ್ತುಕೊಂಡು ಹೋದವುಗಳ ಪಟ್ಟಿ ಸೇರಿದವು. ಸಪ್ಪೆ ಸ್ಲೈಡಿಗೆ ಯಾವ ಸೇನಾಡಳಿತ ಇಷ್ಟು ತಲೆ ಕೆಡಿಸಿಕೊಂಡೀತು?

ನಮ್ಮ ಕಡೆಯ ಉದಾಹರಣೆಗಳೂ ಇವೆ, ಮರೆತದ್ದು ನಾವು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ನಡೆದುಹೋಗಿ ಮರ ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಅಲ್ಲಿಂದ ಪಾಂಡುರಂಗ ಹೆಗಡೆ ಮತ್ತು ಗೆಳೆಯರ ಜೊತೆ ಸಹ್ಯಾದ್ರಿಯ ಹಳ್ಳಿಹಳ್ಳಿಗೆ ಹಬ್ಬಿತು. ಪಾದಯಾತ್ರೆ, ಜಾನಪದ ಕುಣಿತ, ಬೀದಿ ನಾಟಕಗಳ ಜೊತೆ ಅವರು ಹೊತ್ತು ತಿರುಗಿದ್ದು ಸ್ಲೈಡ್ ಪ್ರದರ್ಶನ. ಕುಣಿತ, ನಾಟಕಗಳಿಗೆ ಕೊರತೆಯಿಲ್ಲದ ಕಡೆಯೂ ಸ್ಲೈಡಿಗೆ ಜಾಗವಿತ್ತು ಎಂಬುದನ್ನು ಗಮನಿಸಬೇಕು. ಕಾಡಿನ ಅಂಚಿನಲ್ಲೇ ಬದುಕುವವರಿಗೆ ಕಾಡಿನ ಚಿತ್ರ ಯಾಕೆ ಎಂದು ಪೇಟೆಯವರು ಕೇಳಿಯಾರು. ಪ್ರತಿದಿನ ನೋಡುವ ಬೋಳು ಗುಡ್ಡವನ್ನು ನಾಲ್ಕು ಜನರ ನಡುವೆ, ಕತ್ತಲಲ್ಲಿ, ಬೆಳಕಿನ ಚೌಕಟ್ಟಿನೊಳಗೆ ನೋಡುವುದು ಬೇರೆಯೇ. ಅದು ಒಬ್ಬೊಬ್ಬನ ಗೊಣಗಾಟವಾಗಿ ಉಳಿಯದೆ ಊರಿನ ಚರ್ಚೆಯಾಗುತ್ತದೆ.

ಕಾಸರಗೋಡಿನ ಗಡಿನಾಡ ಕನ್ನಡಿಗ ಶ್ರೀ ಪಡ್ರೆಯವರದು ಇನ್ನೂ ದೀರ್ಘ ಸಾಧನೆ. 1988ರಲ್ಲಿ ಹುಟ್ಟಿದ ಅಡಿಕೆ ಪತ್ರಿಕೆ ಕೃಷಿಕರ ಕೈಗೆ ಲೇಖನಿ ಕೊಟ್ಟಿತು. ಅದರ ಸಂಪಾದಕರಾದ ಪಡ್ರೆ ಪತ್ರಿಕೆಗಷ್ಟೇ ನಿಲ್ಲದೆ ಸ್ಲೈಡಿನ ಪೆಟ್ಟಿಗೆ ಹಿಡಿದು ಮಳೆಕೊಯ್ಲಿನ ಮಾತು ಹೇಳುತ್ತ ಊರೂರು ತಿರುಗಿದರು. ಸುರಂಗ, ಮದಕ, ಕಟ್ಟಗಳಂಥ ತುಳುನಾಡಿನ ಹಳೆಯ ನೀರಿನ ವಿದ್ಯೆಗಳನ್ನು, ಇಂಗುಗುಂಡಿ ತೋಡಿ ಗೆದ್ದ ಸಾಮಾನ್ಯ ಕೃಷಿಕರ ಅನುಭವವನ್ನು ಜನರ ಮುಂದಿಟ್ಟರು. ಇಂಥ ವಿಷಯವನ್ನು ಓಡುವ ಚಿತ್ರದಲ್ಲಿ ತೋರಿಸಿದರೆ ಎಂಟು ಸೆಕೆಂಡು. ಕೃಷಿಕನಿಗೆ ಬೇಕಾದದ್ದು ಬೇರೆ. ಆ ಗುಂಡಿ ಇಳಿಜಾರಿನ ಯಾವ ಬದಿಗಿದೆ, ಎಷ್ಟು ಆಳ, ಬಾವಿಯಿಂದ ಎಷ್ಟು ದೂರ, ಮಣ್ಣು ಮುರವೋ ಜೇಡಿಯೋ, ಮಳೆಗಾಲದಲ್ಲಿ ಬದು ಕುಸಿಯುವುದಿಲ್ಲವೇ, ಖರ್ಚೆಷ್ಟು? ಆರು ಪ್ರಶ್ನೆ ಕೇಳುವಷ್ಟು ಹೊತ್ತು ಚಿತ್ರ ನಿಲ್ಲಬೇಕು. ಏಳನೆಯದನ್ನು ಕೇಳಲು ಹಿಂದಿನ ಸಾಲಿನಲ್ಲಿ ಒಬ್ಬರು ಇದ್ದೇ ಇರುತ್ತಾರೆ, ಅವರು ಸಾಮಾನ್ಯವಾಗಿ ಎಲ್ಲಕ್ಕಿಂತ ಕಷ್ಟದ್ದನ್ನೇ ಕೇಳುತ್ತಾರೆ.

ವಿಡಿಯೊ ಬಂದ ಮೇಲೂ ಈ ನಿಯಮ ಬದಲಾಗಿಲ್ಲ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಗ್ರೀನ್ ಫೌಂಡೇಶನ್ ಸೇರಿ ಕರ್ನಾಟಕದ ಹಳ್ಳಿಗಳಲ್ಲಿ ಡಿಜಿಟಲ್ ಗ್ರೀನ್ ಎಂಬ ಪ್ರಯೋಗ ಶುರುಮಾಡಿದವು. 16 ಹಳ್ಳಿ, 1,470 ಮನೆ, 13 ತಿಂಗಳು. ಸ್ಥಳೀಯ ರೈತರೇ ಚಿತ್ರದಲ್ಲಿದ್ದರು. ಸಂಜೆ ಟಿ.ವಿ. ಮುಂದೆ ಊರಿನವರೇ ಒಬ್ಬರು ರಿಮೋಟ್ ಹಿಡಿದು ನಿಂತು ಚಿತ್ರವನ್ನು ಅಲ್ಲಲ್ಲಿ ನಿಲ್ಲಿಸುತ್ತಿದ್ದರು, ಕೇಳುತ್ತಿದ್ದರು, ಹೇಳಿಸುತ್ತಿದ್ದರು. ನೋಡುವವರು ಮೊದಲು ಕೇಳುತ್ತಿದ್ದ ಪ್ರಶ್ನೆ ತಂತ್ರದ್ದಲ್ಲ, ಆ ರೈತ ಯಾವ ಊರಿನವನು, ಹೆಸರೇನು ಎಂಬುದು. ಹಳೆಯ ವಿಸ್ತರಣಾ ಪದ್ಧತಿಗೆ ಹೋಲಿಸಿದರೆ ಹೊಸ ಬೇಸಾಯ ಕ್ರಮಗಳನ್ನು ಅಳವಡಿಸಿಕೊಂಡವರು ಏಳು ಪಟ್ಟು, ಖರ್ಚಿನ ಲೆಕ್ಕದಲ್ಲಿ ಫಲ ಹತ್ತು ಪಟ್ಟು ಎಂದು ಸಂಶೋಧಕರು ಬರೆದರು. ಎಲ್ಲರೂ ಅದನ್ನು ವಿಡಿಯೊದ ಗೆಲುವು ಎಂದು ಕೊಂಡಾಡಿದರು. ಆದರೆ ಸಂಶೋಧಕರು ತಮ್ಮ ಪ್ರಬಂಧದ ಶೀರ್ಷಿಕೆಯಲ್ಲೇ ಮಧ್ಯವರ್ತಿಯ ನೆರವಿನ ಬೋಧನೆ ಎಂದು ಸೇರಿಸಿದ್ದರು. ವಿಡಿಯೊವನ್ನು ಸ್ಲೈಡಿನಂತೆ ಬಳಸಿದ್ದೇ ಆ ಪ್ರಯೋಗದ ಜೀವ.

ಹಾಗಾದರೆ ಮೊಬೈಲ್? ಕೈಯಲ್ಲಿರುವುದನ್ನು ತಾನೇ ನಿಲ್ಲಿಸಬಹುದಲ್ಲ, ಮತ್ತೆ ನೋಡಬಹುದಲ್ಲ ಎಂಬುದು ಈ ವಾದದ ಕೊನೆಯ ಅಸ್ತ್ರ. ಮೊದಲನೆಯದಾಗಿ, 'ಎಲ್ಲರ ಕೈಯಲ್ಲೂ' ಎಂಬುದೇ ಸುಳ್ಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸ್ವಂತ ಬಳಕೆಗೆ ಮೊಬೈಲ್ ಇದ್ದ ಮಹಿಳೆಯರು ಶೇ 54, ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದವರು ಶೇ 33. ಆಮೇಲೆ ಸಂಖ್ಯೆ ಏರಿರುತ್ತದೆ, ಸರಿ. ಆದರೆ ಮೊಬೈಲಿನಲ್ಲಿ ನೋಡುವವನು ಒಬ್ಬನೇ. ಕೋವಿಡ್ ಲಸಿಕೆಯ ಕಾಲದಲ್ಲಿ ವಾಟ್ಸ್ಆ್ಯಪಿನಲ್ಲಿ ಸರ್ಕಾರದ ವಿಡಿಯೊ ಬಂದ ದಾರಿಯಲ್ಲೇ ಗಾಳಿಸುದ್ದಿಯೂ ಬಂತು, ಎರಡೂ ಒಂದೇ ಅಂಗೈಯಲ್ಲಿ, ಒಂದೇ ಗಾತ್ರದಲ್ಲಿ. ಯಾವುದು ನಿಜ ಎಂದು ಕೇಳಲು ಜನ ಕಾದದ್ದು ಮನೆ ಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಗಾಗಿ. ಆಕೆಯ ಚೀಲದಲ್ಲಿರುವ ಫ್ಲಿಪ್ ಚಾರ್ಟು, ಅಂದರೆ ಜನರ ಕಡೆಗೆ ಚಿತ್ರ, ತನ್ನ ಕಡೆಗೆ ಟಿಪ್ಪಣಿ ಇರುವ ಮಗುಚುವ ಹಾಳೆಗಳು, ಕರೆಂಟು ಬೇಡದ ಸ್ಲೈಡ್ ಶೋ ಅಲ್ಲದೆ ಮತ್ತೇನು?

ಇದು ಭಾವುಕತೆಯ ಮಾತಲ್ಲ, ಜೀವಗಳ ಲೆಕ್ಕವಿದೆ. ನೇಪಾಳದ ಮಕವಾನ್‌ಪುರ ಜಿಲ್ಲೆಯಲ್ಲಿ ಹೆಂಗಸರ ಗುಂಪುಗಳು ತಿಂಗಳಿಗೊಮ್ಮೆ ಸೇರಿ, ಚಿತ್ರದ ಕಾರ್ಡುಗಳನ್ನು ನಡುವೆ ಹರಡಿಕೊಂಡು ಹೆರಿಗೆ ಮತ್ತು ಎಳೆಗೂಸಿನ ಸಮಸ್ಯೆಗಳನ್ನು ಚರ್ಚಿಸಿದವು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿತ್ತು: ಗುಂಪುಗಳಿಲ್ಲದ ಕಡೆ ಸಾವಿರ ಜನನಕ್ಕೆ 36.9 ನವಜಾತ ಶಿಶುಗಳ ಸಾವು, ಗುಂಪುಗಳಿದ್ದ ಕಡೆ 26.2. ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಸೀಮೆಯಲ್ಲಿ ಏಕಜುಟ್ ಸಂಸ್ಥೆ ಇದೇ ದಾರಿ ಹಿಡಿಯಿತು. ಚಿತ್ರದ ಕಾರ್ಡು, ಕಥೆ, ಆಟ, ಚರ್ಚೆ. ಮೂರು ವರ್ಷಗಳಲ್ಲಿ ನವಜಾತ ಶಿಶುಗಳ ಸಾವು ಶೇ 32ರಷ್ಟು ಕಡಿಮೆ ಎಂದು 2010ರಲ್ಲಿ ವರದಿಯಾಯಿತು. ಕಾರ್ಡು ಹಿಡಿದು ಮಾತು ನಡೆಸಿದವರು ಡಾಕ್ಟರುಗಳಲ್ಲ, ಆ ಊರುಗಳ ಹೆಂಗಸರು.

ಇದು ದೊಡ್ಡ ಪ್ರಮಾಣಕ್ಕೆ ಆಗದು, ಊರಿಗೊಬ್ಬರನ್ನು ಎಲ್ಲಿಂದ ತರುವುದು, ವಿಡಿಯೊ ಒಂದನ್ನು ಮಾಡಿದರೆ ಕೋಟಿ ಜನ ನೋಡುತ್ತಾರೆ ಎನ್ನುವವರು ತೋರಿಸುವುದು ಬಾಂಗ್ಲಾದೇಶವನ್ನು. ಅಲ್ಲಿ ಮೂರು ಜಿಲ್ಲೆಗಳಲ್ಲಿ ಇಂಥದೇ ಮಹಿಳಾ ಗುಂಪುಗಳನ್ನು ಕಟ್ಟಿ ನೋಡಿದರು. 2010ರಲ್ಲಿ ಬಂದ ಫಲಿತಾಂಶದಲ್ಲಿ ಶಿಶುಗಳ ಸಾವಿನ ಪ್ರಮಾಣ ಗಮನಾರ್ಹವಾಗಿ ಇಳಿದಿರಲಿಲ್ಲ. ಆದರೆ ಅಲ್ಲಿ ಸುಮಾರು 1,400 ಜನರಿಗೆ ಒಂದು ಗುಂಪಿತ್ತು, ಏಕಜುಟ್ ಕೆಲಸದಲ್ಲಿ 468 ಜನರಿಗೆ ಒಂದು. ಬಾಂಗ್ಲಾದವರು ವಿಧಾನವನ್ನು ಕೈಬಿಡಲಿಲ್ಲ, ವಿಡಿಯೊಗೂ ಬದಲಾಯಿಸಲಿಲ್ಲ, ಗುಂಪುಗಳನ್ನು ಹೆಚ್ಚಿಸಿ ಸುಮಾರು 309 ಜನರಿಗೆ ಒಂದರಂತೆ ಮಾಡಿದರು. 2013ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಸಾವು ಶೇ 38ರಷ್ಟು ಇಳಿದಿತ್ತು. ನಮ್ಮಲ್ಲಿ ಸಾವಿರ ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ ಎಂಬುದು ಸರ್ಕಾರದ ಮಾನದಂಡ. ಪ್ರಚಾರ ವಾಹನದ ಬಾಡಿಗೆಗೆ ಹಣವಿರುವ ಬಜೆಟ್ಟಿನಲ್ಲಿ ಇನ್ನಿಬ್ಬರಿಗೆ ಯಾಕೆ ಇಲ್ಲ ಎಂಬ ಪ್ರಶ್ನೆಯನ್ನು ಮುಂದಿನ ಕೆಡಿಪಿ ಪಿಪಿಟಿಯಲ್ಲಿ ಒಂದು ಸ್ಲೈಡಾಗಿ ಸೇರಿಸಬಹುದು.